ನೀರುನಾಯಿ ಜಾಲವನ್ನು ಭೇದಿಸಿದ ದುರುಗಣ್ಣ

ದಾವಣಗೆರೆಯ ಎಂ.ಸಿ.ಸಿ. ಬಡಾವಣೆಯ ಬಿ ಬ್ಲಾಕಿನಲ್ಲಿ ಡಾಕ್ಟರುಗಳಿದ್ದಾರೆ, ವಕೀಲರಿದ್ದಾರೆ, ಅಕ್ಕಿ ಗಿರಣಿಯ ಮಾಲೀಕರಿದ್ದಾರೆ. ನಿವೃತ್ತ ಬ್ಯಾಂಕ್ ಮ್ಯಾನೇಜರುಗಳಂತೂ ಅಡ್ಡರಸ್ತೆಗೊಬ್ಬರಂತೆ ಇದ್ದಾರೆ. ಇಷ್ಟೂ ಜನ ಬೆಳಗ್ಗೆ ಎದ್ದು ಗೇಟಿನ ಬಳಿ ನಿಂತು ದಾರಿ ಕಾಯುವುದು ಮಾತ್ರ ಒಬ್ಬನನ್ನೇ. ಅವನು ನೀರು ಬಿಡುವ ದುರುಗಣ್ಣ. ಟಿವಿಎಸ್ ಗಾಡಿಯ ಪಕ್ಕಕ್ಕೆ ಉದ್ದನೆಯ ಕಬ್ಬಿಣದ ಕೀಲಿ ಕಟ್ಟಿಕೊಂಡು ಬಂದು, ರಸ್ತೆಯ ಗುಂಡಿಯೊಳಗಿನ ವಾಲ್ವಿಗೆ ಅದನ್ನು ಸಿಕ್ಕಿಸಿ ನಾಲ್ಕು ಸುತ್ತು ತಿರುಗಿಸಿದನೆಂದರೆ ಇಡೀ ಬ್ಲಾಕಿಗೆ ಜೀವ ಬರುತ್ತಿತ್ತು. ಇಪ್ಪತ್ತಮೂರು ವರ್ಷದಿಂದ ಇದೇ ಕೆಲಸ. ಈ ಇಪ್ಪತ್ತಮೂರು ವರ್ಷದಲ್ಲಿ ಎ ಬ್ಲಾಕಿನ ನೀರನ್ನು ಬಿ ಬ್ಲಾಕಿಗೆ ಬಿಟ್ಟದ್ದು ಒಂದು ಒಂಬತ್ತು ಸಲ ಇರಬಹುದು. ಎ ಬ್ಲಾಕಿನವರು ಅದನ್ನು ಇನ್ನೂ ಮರೆತಿಲ್ಲ, ಬಿ ಬ್ಲಾಕಿನವರು ಅದನ್ನು ಎಂದೂ ಬಾಯಿ ಬಿಟ್ಟು ಹೇಳಿಲ್ಲ.

ಇಷ್ಟರಲ್ಲೇ ತೃಪ್ತನಾಗಿದ್ದರೆ ಈ ಕಥೆ ನಡೆಯುತ್ತಿರಲಿಲ್ಲ. ಎರಡು ವರ್ಷದ ಕೆಳಗೆ ದುರುಗಣ್ಣನ ಮೊಬೈಲಿಗೆ "ಇಂದು ಸಂಜೆ ನಿಮ್ಮ ಮನೆಯ ಕರೆಂಟು ಕಡಿತಗೊಳ್ಳಲಿದೆ" ಎಂಬ ಸಂದೇಶ ಬಂತು. ಅವನು ಅದರ ಕೆಳಗಿದ್ದ ನೀಲಿ ಅಕ್ಷರವನ್ನು ಒತ್ತಿದ. ಕರೆಂಟು ಹೋಗಲಿಲ್ಲ, ಖಾತೆಯಲ್ಲಿದ್ದದ್ದು ಹೋಯಿತು. ಮಾರನೆಯ ದಿನ ಠಾಣೆಗೆ ದೂರು ಕೊಡಲು ಹೋದಾಗ ಅಲ್ಲಿ ಗೋಡೆಗೆ ಅಂಟಿಸಿದ್ದ "ವಂಚಕರ ಐದು ಲಕ್ಷಣಗಳು" ಎಂಬ ಪೋಸ್ಟರನ್ನು ಮೂರು ಗಂಟೆ ಕೂತು ಬಾಯಿಪಾಠ ಮಾಡಿಕೊಂಡು ಬಂದ. ಅಂದಿನಿಂದ ಬಿ ಬ್ಲಾಕಿಗೆ ಅವನೇ ಸೈಬರ್ ಅಪರಾಧ ತಜ್ಞ. ವಾಲ್ವು ತಿರುಗಿಸುತ್ತ ತಿರುಗಿಸುತ್ತ ಒಂದೊಂದು ಗೇಟಿಗೆ ಒಂದೊಂದು ಎಚ್ಚರಿಕೆ ಕೊಡುತ್ತಿದ್ದ. ಐದನೆಯ ಅಡ್ಡರಸ್ತೆಯ ಅಜ್ಜಿಯೊಬ್ಬರು ಇವನ ಮಾತು ನಂಬಿ, ಹೊಸ ನಂಬರಿನಿಂದ ಕರೆ ಮಾಡಿದ ಸ್ವಂತ ಮೊಮ್ಮಗನಿಗೆ ಎರಡು ದಿನ ಬಾಯಿಗೆ ಬಂದಂತೆ ಬೈದರು.

ಇಂಥ ತಜ್ಞನ ಮನೆಗೇ ಒಂದು ಸೋಮವಾರ ಮಧ್ಯಾಹ್ನ ಪತ್ರ ಬಂತು.

ದುರುಗಣ್ಣ ಕೆಲಸ ಮುಗಿಸಿ ಮಂಡಕ್ಕಿ, ಮೆಣಸಿನಕಾಯಿ ಮುಂದಿಟ್ಟುಕೊಂಡು ಕೂತಿದ್ದ. ಹೆಂಡತಿ ಉಡಚಮ್ಮ ಚಹಾ ಸೋಸುತ್ತಿದ್ದಳು. ಪ್ರಾಣಿಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿದ್ದ ಒಬ್ಬಳೇ ಮಗಳು ರೇವತಿ ಮೊಬೈಲ್ ಹಿಡಿದು ಒಳಗಿನಿಂದ ಬಂದವಳು ಬಾಗಿಲ ಚೌಕಟ್ಟಿಗೆ ಒರಗಿ ನಿಂತಳು.

"ಅಪ್ಪಾ, ಸೀಟು ಸಿಕ್ತು."

"ಎಷ್ಟು ಕಟ್ಟಬೇಕಂತೆ?"

ಇದು ದಾವಣಗೆರೆಯಲ್ಲಿ ಯಾವ ತಂದೆಯಾದರೂ ಕೇಳುವ ಮೊದಲ ಪ್ರಶ್ನೆ. ಕಾಲೇಜುಗಳ ಊರು; ಎಲ್‌ಕೆಜಿಯ ಅರ್ಜಿಗೂ ಇಲ್ಲಿ ಕೈ ಜೇಬಿಗೆ ಹೋಗಬೇಕು.

"ಕಟ್ಟೋದೇನೂ ಇಲ್ಲ. ಅವರೇ ನಂಗೆ ಕೊಡ್ತಾರೆ. ಐದು ವರ್ಷ, ತಿಂಗಳಾ ತಿಂಗಳಾ ಫೆಲೋಶಿಪ್ಪು. ಹಾಸ್ಟೆಲ್ಲೂ ಅವರದೇ."

"ಏನು ಕೆಲಸ?"

"ಓದೋದು."

"ಓದೋದು ಆತು. ಕೆಲಸ ಏನು?"

"ಅದೇ ಕೆಲಸ ಅಪ್ಪಾ. ಪಿಎಚ್.ಡಿ. ನೀರುನಾಯಿ ಮೇಲೆ."

ದುರುಗಣ್ಣ ಬಾಯಿಯ ತನಕ ಬಂದಿದ್ದ ಮೆಣಸಿನಕಾಯಿಯನ್ನು ತಟ್ಟೆಗೆ ಇಳಿಸಿದ. "ನೀರುನಾಯಿಗೆ ಏನು ಮಾಡ್ತೀ?"

"ಅವು ಎಷ್ಟದಾವೆ, ಏನು ತಿಂತಾವೆ, ಎಲ್ಲಿ ಮರಿ ಹಾಕ್ತಾವೆ, ಅದನ್ನ ಪತ್ತೆ ಮಾಡೋದು. ಅವು ಕೈಗೆ ಸಿಗಂಗಿಲ್ಲ. ಅದಕ್ಕೆ ಹೊಳೆ ದಂಡೇಲಿ ಹಿಕ್ಕೆ ಹೆಕ್ಕಿ ತಂದು ಪರೀಕ್ಷೆ ಮಾಡ್ಬೇಕು."

"ಹೇಲು ಹೆಕ್ಕೋಕೆ ಗೋರ್ಮೆಂಟು ಸಂಬಳ ಕೊಡ್ತೈತೆ."

"ಹೂಂ."

"ಐದು ವರ್ಷ."

"ಹೂಂ ಅಪ್ಪಾ."

ದುರುಗಣ್ಣ ಪತ್ರವನ್ನು ತನ್ನ ಕಣ್ಣಿಗೆ ತೋರಿಸೆಂದ. ಪೋಸ್ಟರಿನ ಐದು ಲಕ್ಷಣಗಳು ಅವನ ತಲೆಯಲ್ಲಿ ಸಾಲಾಗಿ ಎದ್ದು ನಿಂತವು. ಒಂದು, ನಂಬಲಾಗದಷ್ಟು ಆಸೆ ತೋರಿಸುತ್ತಾರೆ. ತೋರಿಸಿದ್ದರು. ಎರಡು, ಬ್ಯಾಂಕ್ ಖಾತೆಯ ವಿವರ ಕೇಳುತ್ತಾರೆ. ಕೇಳಿದ್ದರು. ಮೂರು, ಆಧಾರ್ ಮತ್ತು ಮೂಲ ದಾಖಲೆ ಕೇಳುತ್ತಾರೆ. ಅಂಕಪಟ್ಟಿಗಳನ್ನೆಲ್ಲ ಸ್ಕ್ಯಾನ್ ಮಾಡಿ ಕಳಿಸಲು ಹೇಳಿದ್ದರು. ನಾಲ್ಕು, ಆತುರಪಡಿಸುತ್ತಾರೆ. ಶುಕ್ರವಾರ ಸಂಜೆ ಐದರೊಳಗೆ ಕಳಿಸದಿದ್ದರೆ ಸೀಟು ಮುಂದಿನವರಿಗೆ ಎಂದು ದಪ್ಪಕ್ಷರದಲ್ಲಿತ್ತು. ಐದನೆಯದು, ಮೊದಲೇ ಅಭಿನಂದಿಸುತ್ತಾರೆ. ಪತ್ರದ ಮೊದಲ ಶಬ್ದವೇ "ಅಭಿನಂದನೆಗಳು."

ಐದಕ್ಕೆ ಐದು. ಇಷ್ಟು ಚೊಕ್ಕವಾದ ವಂಚನೆಯನ್ನು ದುರುಗಣ್ಣ ಜನ್ಮದಲ್ಲಿ ನೋಡಿರಲಿಲ್ಲ.

"ಅಪ್ಪಾ, ಪರೀಕ್ಷೆ ಬರೆದೀನಿ. ಬೆಂಗಳೂರಿಗೆ ಹೋಗಿ ಎರಡು ಸಲ ಇಂಟರ್‌ವ್ಯೂ ಕೊಟ್ಟೀನಿ. ನೀನೇ ಬಸ್ಸು ಹತ್ತಿಸಿದ್ದೆ."

"ಅದು ಬ್ಯಾಂಕಿನ ಇಂಟರ್‌ವ್ಯೂ ಅಲ್ಲೇನು?"

"ನಾನು ಯಾವಾಗ ಬ್ಯಾಂಕು ಅಂದೆ?"

ಅವಳು ಅಂದಿರಲಿಲ್ಲ. ಇಂಟರ್‌ವ್ಯೂ ಎಂದರೆ ಬ್ಯಾಂಕು ಎಂದು ದುರುಗಣ್ಣನೇ ತೀರ್ಮಾನಿಸಿ ಬಡಾವಣೆಗೆಲ್ಲ ಹೇಳಿಬಿಟ್ಟಿದ್ದ. ಹಾಗೆಯೇ, ಹೋದ ವರ್ಷ ಮಗಳು ಪ್ರತಿ ಭಾನುವಾರ ಉಕ್ಕಡಗಾತ್ರಿಗೆ ಹೋಗುತ್ತಿದ್ದಾಗ, ಅಜ್ಜಯ್ಯನ ಗದ್ದಿಗೆಗೆ ಹರಕೆ ಹೊತ್ತಿದ್ದಾಳೆಂದು ತಿಳಿದು, ಇಷ್ಟು ದೈವಭಕ್ತಿಯ ಹುಡುಗಿ ಈ ಕಾಲದಲ್ಲಿ ಸಿಗುವುದಿಲ್ಲ ಎಂದು ಎದೆಯುಬ್ಬಿಸಿಕೊಂಡು ತಿರುಗಿದ್ದ. ಅವಳು ಹೋಗುತ್ತಿದ್ದದ್ದು ಹೊಳೆಗೆ.

ಆವತ್ತು ಸಂಜೆ ರೇವತಿ ಅಲಮಾರಿ ತೆಗೆದರೆ ಅಂಕಪಟ್ಟಿಗಳ ಫೈಲು ಇರಲಿಲ್ಲ. ದುರುಗಣ್ಣ ಅದನ್ನು ಬನಿಯನ್ನಿಗೂ ಅಂಗಿಗೂ ನಡುವೆ ಸೇರಿಸಿ ಗುಂಡಿ ಹಾಕಿಕೊಂಡಿದ್ದ. "ಪೊಲೀಸು ವೆರಿಫಿಕೇಶನ್ ಆಗೋ ತನಕ ಇದು ನನ್ನ ಮೈಮೇಲೆ ಇರ್ತೈತೆ" ಎಂದ. ಮಲಗುವಾಗಲೂ ತೆಗೆಯಲಿಲ್ಲ. ಮಗ್ಗುಲು ಬದಲಿಸಿದಾಗಲೆಲ್ಲ ಕರಕರ ಸದ್ದಾಗಿ ಉಡಚಮ್ಮನಿಗೆ ನಿದ್ದೆ ಬರಲಿಲ್ಲ.

ಮಂಗಳವಾರ ಬೆಳಗ್ಗೆ ಮೊದಲ ವಾಲ್ವಿನ ಬಳಿ ದುರುಗಣ್ಣ ಹೇಳಿದ್ದು ಇಷ್ಟು: "ನಮ್ಮ ಹುಡುಗಿಗೂ ಒಂದು ಮೋಸದ ಪತ್ರ ಬಂದೈತೆ, ಹುಷಾರಾಗಿರ್ರಿ." ಮಾತು ನೀರಿಗಿಂತ ಬೇಗ ಹರಿಯಿತು. ಮೂರನೆಯ ಅಡ್ಡರಸ್ತೆ ಮುಟ್ಟುವಷ್ಟರಲ್ಲಿ ರೇವತಿ ಮೋಸ ಹೋಗಿದ್ದಳು. ಆರನೆಯದರಲ್ಲಿ ಅವಳನ್ನು ಡಿಜಿಟಲ್ ಅರೆಸ್ಟ್ ಮಾಡಿದ್ದರು. ಕೊನೆಯ ಸಂಪು ತುಂಬುವ ಹೊತ್ತಿಗೆ ಯಾರೋ ಅವಳ ಕಿಡ್ನಿಯ ವಿಷಯ ಎತ್ತಿದ್ದರು.

ದುರುಗಣ್ಣ ಅಲ್ಲಿಂದ ನೇರ ಮುನಾಫನ ಆನ್‌ಲೈನ್ ಸೆಂಟರಿಗೆ ಹೋದ. ಮುನಾಫ್ ಆಧಾರ್ ತಿದ್ದುಪಡಿಯಿಂದ ಹಿಡಿದು ಮದುವೆಯ ಕರೆಯೋಲೆಯ ತನಕ ಎಲ್ಲವನ್ನೂ ಮಾಡಿಕೊಡುವವನು. ಒಳ್ಳೆಯ ಮನುಷ್ಯ, ಆದರೆ ಕೇಳಿದ್ದಕ್ಕಿಂತ ಹೆಚ್ಚು ಹೇಳುವವನು. ಪತ್ರ ಕಳಿಸಿದ ಬೆಂಗಳೂರಿನ ಸಂಸ್ಥೆಯ ವೆಬ್‌ಸೈಟ್ ತೆಗೆದು ನೋಡಿದ.

"ಅಣ್ಣಾ, ಸೈಟು ಬರಾಬ್ಬರ್ ಐತೆ. ಫೋಟೋ ಐತೆ, ಬಿಲ್ಡಿಂಗ್ ಐತೆ. ನುಜತ್ ಅಂತ ಮೇಡಮ್ಮಾರು, ಇವರೇ ಗೈಡು."

"ಹಂಗಾರೆ ಖರೆ ಅಂತೀಯಾ?"

"ಖರೆ ಅಂತ ನಾನೆಂಗೆ ಹೇಳ್ಲಿ? ಇಂಥ ಸೈಟು ಅರ್ಧ ಗಂಟೇಲಿ ನಾನೂ ಮಾಡಿ ಕೊಡ್ತೀನಿ. ನಿಂಗೊಂದು ಬೇಕೇನು?"

ದುರುಗಣ್ಣನಿಗೆ ಅಷ್ಟು ಸಾಕಾಯಿತು.

ಬುಧವಾರ ಮನೆಗೆ ಜನ ಬರಲು ಶುರುವಾಯಿತು. ನಿವೃತ್ತ ಬ್ಯಾಂಕ್ ಮ್ಯಾನೇಜರರೊಬ್ಬರು ಡಜನ್ ಬಾಳೆಹಣ್ಣು ಹಿಡಿದು ಬಂದು, ಬಾಗಿಲು ತೆರೆದ ರೇವತಿಯನ್ನೇ ಕೇಳಿದರು: "ಮಗಳು ಹೆಂಗದಾಳಮ್ಮ?"

"ನಾನೇ ಸಾರ್ ಮಗಳು."

ಮ್ಯಾನೇಜರರು ಅವಳನ್ನು ಮೇಲಿಂದ ಕೆಳಗೆ ನೋಡಿ, ಎಲ್ಲ ಅಂಗಾಂಗಗಳೂ ಇರುವಂತೆ ತೋರಿದ್ದರಿಂದ ಸಮಾಧಾನಗೊಂಡು ಒಳಗೆ ಬಂದರು. "ಹೆದರ್ಕೋಬ್ಯಾಡ. ದುಡ್ಡು ಹೋದ್ರೆ ಹೋಗ್ಲಿ, ಜೀವ ಒಂದಿದ್ರೆ ಸಾಕು."

"ದುಡ್ಡು ಹೋಗಿಲ್ಲ ಸಾರ್, ಬರ್ತೈತೆ."

"ಅವರು ಹಂಗೇ ಹೇಳೋದು" ಎಂದು ಮ್ಯಾನೇಜರರು ಕಣ್ಣೊರೆಸಿಕೊಂಡರು.

ಸಂಜೆಯ ಹೊತ್ತಿಗೆ ಬಾಳೆಹಣ್ಣು ಐದು ಡಜನ್ ಆಗಿತ್ತು. ಉಡಚಮ್ಮ ಗಂಡನ ಮುಂದೆ ಹಣ್ಣಿನ ಬುಟ್ಟಿಯನ್ನು ದೊಪ್ಪನೆ ಇಟ್ಟಳು. "ನೋಡ್ರಿ, ಸತ್ತೋರ ಮನೆಗೂ ಇಷ್ಟು ಹಣ್ಣು ಬರಂಗಿಲ್ಲ. ಹುಡುಗಿ ಮೂರು ದಿನದಿಂದ ಸರಿಯಾಗಿ ಉಂಡಿಲ್ಲ. ಆ ಫೈಲು ಕೊಟ್ಬಿಡ್ರಿ."

"ನಿಂಗೆ ಸೈಬರ್ ಗೊತ್ತಾಗಂಗಿಲ್ಲ, ಸುಮ್ನಿರು."

ರೇವತಿ ಅಳಲಿಲ್ಲ. ಅಪ್ಪನ ಎದುರು ಕೂತು ನಿಧಾನವಾಗಿ ಹೇಳಿದಳು. "ಮುನ್ನೂರು ಜನ ಬರೆದಿದ್ರು. ಆರು ಜನ ತಗೊಂಡಾರೆ. ನಾಡಿದ್ದು ಐದು ಗಂಟೆ ದಾಟಿದ್ರೆ ಆ ಆರರಾಗ ನಾನಿರಂಗಿಲ್ಲ. ನಾಳೆ ನುಜತ್ ಮೇಡಂ ಉಕ್ಕಡಗಾತ್ರಿ ಹತ್ರ ಹೊಳೇಲಿ ಕೆಲಸ ಮಾಡ್ತಾರೆ. ನಾನು ಫಸ್ಟ್ ಬಸ್ಸಿಗೆ ಹೋಗ್ತೀನಿ. ನೀನು ಒಂಬತ್ತಕ್ಕೆ ಬಾ. ನೀನೇ ಮಾತಾಡು. ಆಮೇಲೂ ಮೋಸ ಅನ್ಸಿದ್ರೆ ನಾನು ಬ್ಯಾಂಕಿನ ಪರೀಕ್ಷೆ ಬರೀತೀನಿ."

ಇದು ನ್ಯಾಯವಾದ ಮಾತು. ಆದರೆ ದುರುಗಣ್ಣ ಅಷ್ಟು ಹೊತ್ತಿಗಾಗಲೇ ಠಾಣೆಗೆ ಹೋಗಿ ಬಂದಾಗಿತ್ತು.

ಹೆಡ್ ಕಾನ್‌ಸ್ಟೇಬಲ್ ಚೌಡೇಶ್ ಬಿ ಬ್ಲಾಕಿನ ಕಟ್ಟಕಡೆಯ ಮನೆಯವನು. ಪೈಪಿನ ತುದಿಯಲ್ಲಿರುವ ಆ ಮನೆಗೆ ನೀರು ಮುಟ್ಟಬೇಕಾದರೆ ದುರುಗಣ್ಣ ಮನಸ್ಸು ಮಾಡಿ ಹತ್ತು ನಿಮಿಷ ಹೆಚ್ಚು ಬಿಡಬೇಕು. ಹೀಗಾಗಿ ದೂರನ್ನು ಚೌಡೇಶ್ ತುಂಬ ಗಂಭೀರವಾಗಿ ಪರಿಗಣಿಸಿ, ಪತ್ರದಲ್ಲಿದ್ದ ನಂಬರಿಗೆ ತಾನೇ ಫೋನು ಹಚ್ಚಿ, ಸ್ಪೀಕರಿಗೆ ಹಾಕಿದ.

ಆ ಕಡೆಯಿಂದ ಮೊದಲು ನೀರಿನ ಸದ್ದು, ಆಮೇಲೆ ಸಿಳ್ಳೆಯಂಥ ಸದ್ದು, ಆಮೇಲೆ ಪಿಸುಮಾತಿನ ಹೆಂಗಸಿನ ಧ್ವನಿ ಬಂತು. "ಯಾರು? ಬೇಗ ಹೇಳಿ, ಜೋರಾಗಿ ಮಾತಾಡೋ ಹಾಗಿಲ್ಲ."

"ನಾನು ರೇವತಿ ಕಡೆಯೋನ್ರಿ" ಎಂದ ಚೌಡೇಶ್.

"ಓ, ರೇವತಿ ಮನೆಯವರಾ? ಒಳ್ಳೆ ಹುಡುಗಿ. ಅವಳ ಮೂಗು ಬಹಳ ಚುರುಕು. ನೋಡಿ, ಗ್ಯಾಂಗು ಈಗತಾನೆ ಈ ಕಡೆ ದಾಟಿದೆ, ಸ್ಯಾಂಪಲ್ ಫ್ರೆಶ್ ಆಗಿದೆ. ಬಿಸಿಲಿಗೆ ಒಣಗೋ ಮೊದಲು ಪ್ಯಾಕ್ ಮಾಡಬೇಕು. ನಾಳೆ ಬೆಳಗ್ಗೆ ಇನ್ನೊಂದಷ್ಟು ಮಾಲು ಸಿಗುತ್ತೆ. ರೇವತಿಗೆ ಪ್ಲಾಸ್ಟಿಕ್ ಕವರ್ ಜಾಸ್ತಿ ತರೋಕೆ ಹೇಳಿ." ಸಂಪರ್ಕ ಕಡಿಯಿತು.

ಚೌಡೇಶ್ ಎದ್ದು ಠಾಣೆಯ ಬಾಗಿಲನ್ನು ಮುಂದಕ್ಕೆ ಮಾಡಿ ಬಂದ.

"ದುರುಗಣ್ಣ" ಎಂದ ಚೌಡೇಶ್, "ಇದು ಸೈಬರ್ ಅಲ್ರಿ. ಇದು ಅದಕ್ಕಿಂತ ದೊಡ್ಡದು."

"ಏನ್ರಿ ಸಾಹೇಬ್ರೆ?"

"ಗ್ಯಾಂಗು. ಫ್ರೆಶ್ ಮಾಲು. ಪ್ಯಾಕಿಂಗು. ಮೂಗು ಚುರುಕು." ಚೌಡೇಶ್ ಬೆರಳಿನಿಂದ ತನ್ನ ಮೂಗನ್ನು ಮುಟ್ಟಿ ತೋರಿಸಿದ. "ಪುಡಿ. ನಶೆ ಪುಡಿ. ಓದೋ ಹುಡುಗ್ರ ಕೈಲಿ ಸಾಗಿಸ್ತಾರೆ."

ಹದಿನಾಲ್ಕು ವರ್ಷದ ಸೇವೆಯಲ್ಲಿ ಚೌಡೇಶನ ಕೈಗೆ ಸಿಕ್ಕ ಅತಿ ದೊಡ್ಡ ಅಪರಾಧಿಯೆಂದರೆ ಮೂರು ಜನರನ್ನು ಕೂರಿಸಿಕೊಂಡು ಬೈಕು ಓಡಿಸಿದವನು. ಅವನ ಕಣ್ಣಿನಲ್ಲಿ ಹೊಳೆದ ಬೆಳಕು ನ್ಯಾಯದ್ದೋ ಬಡ್ತಿಯದ್ದೋ ಹೇಳುವುದು ಕಷ್ಟ. ಒಂಬತ್ತಕ್ಕೆ ಬಾ ಎಂದು ಮಗಳು ಕರೆದದ್ದನ್ನು ದುರುಗಣ್ಣ ರಾತ್ರಿ ಫೋನಿನಲ್ಲಿ ತಿಳಿಸಿದಾಗ ಚೌಡೇಶ್ ಒಂದೇ ಮಾತು ಹೇಳಿದ: "ಕರೆದ ಹೊತ್ತಿಗೆ ಹೋದ್ರೆ ಅವರು ತಯಾರಾಗಿರ್ತಾರೆ. ನಾವು ಏಳಕ್ಕೇ ಹೋಗೋಣ."

ಗುರುವಾರ ಬಿ ಬ್ಲಾಕಿಗೆ ನೀರಿನ ಸರದಿ ಇರಲಿಲ್ಲ. ದುರುಗಣ್ಣ ಹಣೆಗೆ ವಿಭೂತಿ ಬಳಿದುಕೊಂಡು, ಚೌಡೇಶ್ ಪಂಚೆ ಉಟ್ಟುಕೊಂಡು, ಇಬ್ಬರೂ ಭಕ್ತರ ವೇಷದಲ್ಲಿ ಬೈಕು ಹತ್ತಿದರು. ಹರಿಹರ ದಾಟಿ, ಕೊಕ್ಕನೂರಿನ ಕಡೆಯ ಭತ್ತದ ಗದ್ದೆಗಳ ಚಳಿಗಾಳಿಗೆ ಹಲ್ಲು ಕಡಿಯುತ್ತ ಹೊಳೆ ಮುಟ್ಟಿದಾಗ ಆಗಷ್ಟೇ ಬಿಸಿಲು ಬಿದ್ದಿತ್ತು. ಪಂಚೆಯ ಕೆಳಗೆ ಕಾಣುತ್ತಿದ್ದ ಪೊಲೀಸು ಬೂಟನ್ನು ನೋಡಿಯೂ ತೆಪ್ಪ ನಡೆಸುವ ಭರಮಣ್ಣ ಇಬ್ಬರನ್ನೂ ಹತ್ತಿಸಿಕೊಂಡ.

"ಇಲ್ಲಿ ಒಬ್ಬ ಮೇಡಮ್ಮಾರು ಬರ್ತಾರಂತಲ್ಲ" ಎಂದು ಚೌಡೇಶ್ ಗಾಳಿಗೆ ಹೇಳಿದಂತೆ ಹೇಳಿದ.

"ನುಜತಮ್ಮಾರಾ? ಮೂರು ವರ್ಷಾತು. ಬರ್ತಾರೆ, ಕಲ್ಲು ಕಲ್ಲು ಮೂಸ್ತಾರೆ, ಬರಕೋತಾರೆ, ಹೋಗ್ತಾರೆ. ಈಗ ಒಂದು ಹುಡುಗೀನೂ ಮೂಸೋದು ಕಲ್ತೈತೆ."

ದುರುಗಣ್ಣ ಎದೆ ಹಿಡಿದುಕೊಂಡ; ಅಂಗಿಯೊಳಗಿನ ಫೈಲು ಕರಕ್ಕೆಂದಿತು. ಭರಮಣ್ಣ ಅವರನ್ನು ಹೊಳೆಯ ನಡುವಿನ ಬಂಡೆಗಳ ಸಾಲಿಗೆ ತಂದು ಬಿಟ್ಟ. ಇಬ್ಬರೂ ಒಂದು ಲಕ್ಕಿಪೊದೆಯ ಹಿಂದೆ ಕುಕ್ಕರಗಾಲಿನಲ್ಲಿ ಕೂತು ಇಣುಕಿದರು.

ಮೂವತ್ತು ಹೆಜ್ಜೆ ದೂರದಲ್ಲಿ, ಮೊಣಕಾಲಿನ ತನಕ ಕೆಸರು ಮೆತ್ತಿಕೊಂಡ, ತಲೆಗೆ ಟೋಪಿ ಹಾಕಿದ ಐವತ್ತರ ಹೆಂಗಸೊಬ್ಬರು ಬಂಡೆಯ ಮೇಲೆ ಹೊಟ್ಟೆ ಅಡಿಯಾಗಿ ಮಲಗಿದ್ದರು. ಪಕ್ಕದಲ್ಲಿ ರೇವತಿ. ಅವಳು ಕೈಗವಸು ಹಾಕಿ, ಕಡ್ಡಿಯಿಂದ ಏನನ್ನೋ ಎತ್ತಿ, ಮೂಗಿನ ಹತ್ತಿರ ಹಿಡಿದು, ಕಣ್ಣು ಮುಚ್ಚಿ ಎಳೆದುಕೊಂಡಳು. ತಲೆಯಾಡಿಸಿದಳು. ಅದನ್ನು ಸಣ್ಣ ಪ್ಲಾಸ್ಟಿಕ್ ಪೊಟ್ಟಣಕ್ಕೆ ಹಾಕಿ, ನಂಬರು ಬರೆದಳು.

"ಕ್ವಾಲಿಟಿ ನೋಡ್ತಿದಾರೆ" ಎಂದು ಪಿಸುಗುಟ್ಟಿದ ಚೌಡೇಶ್, ಮೊಬೈಲು ತೆಗೆದು "ಮಾಲು ಸಮೇತ ಹಿಡಿದಿದ್ದೇವೆ ಸಾರ್" ಎಂದು ಇನ್ಸ್‌ಪೆಕ್ಟರಿಗೆ ಸಂದೇಶ ಕಳಿಸಿಯೇಬಿಟ್ಟ. ಹಿಡಿಯುವುದೊಂದು ಬಾಕಿಯಿತ್ತು.

ದುರುಗಣ್ಣನಿಗೆ ತಡೆಯಲಾಗಲಿಲ್ಲ. "ಏಯ್, ನನ್ ಮಗಳ ಮೂಗು ಬಿಡ್ರಿ" ಎಂದು ಕೂಗುತ್ತ ಪೊದೆಯಿಂದ ಎದ್ದು ಓಡಿದ. ಎರಡನೆಯ ಬಂಡೆಗೆ ಪಾಚಿ ಇತ್ತು. ಇಪ್ಪತ್ತಮೂರು ವರ್ಷ ಊರಿಗೆ ನೀರು ಕುಡಿಸಿದವನು, ಈಜು ಬಾರದವನು, ಅಂಗಿಯೊಳಗಿನ ಹತ್ತು ಅಂಕಪಟ್ಟಿಗಳ ಸಮೇತ ತುಂಗಭದ್ರೆಗೆ ಬಿದ್ದ.

ಬಿದ್ದ ಸದ್ದು ಅಡಗುವ ಮೊದಲೇ ಇನ್ನೊಂದು ಸದ್ದು ಆಯಿತು. ರೇವತಿ ಹಾರಿದ್ದಳು. ಅವಳು ಈಜುವುದನ್ನು ದುರುಗಣ್ಣ ಎಂದೂ ನೋಡಿರಲಿಲ್ಲ. ಈಗಲೂ ನೋಡುವ ಸ್ಥಿತಿಯಲ್ಲಿರಲಿಲ್ಲ. ಕಾಲರು ಹಿಡಿದು, ಗಲ್ಲ ಮೇಲೆತ್ತಿ, "ಕೈ ಬಡೀಬ್ಯಾಡ ಅಪ್ಪಾ, ಸುಮ್ನೆ ತೇಲು" ಎಂದು ಗದರುತ್ತ, ಸೆಳೆತಕ್ಕೆ ಅಡ್ಡಡ್ಡ ಈಜಿ ಅವನನ್ನು ಬಂಡೆಗೆ ತಂದು ಆನಿಸಿದಳು. ಕೆಮ್ಮಿ ಕೆಮ್ಮಿ ಕಣ್ಣು ಬಿಟ್ಟಾಗ ದುರುಗಣ್ಣನಿಗೆ ಕಂಡದ್ದು ನೀರಿನಿಂದ ಮೇಲೆದ್ದ ಸಾಲು ಸಾಲು ತಲೆಗಳು. ಚಪ್ಪಟೆ ತಲೆ, ಮೀಸೆ, ಗುಂಡು ಕಣ್ಣು. ಕತ್ತು ಉದ್ದ ಮಾಡಿ ಇವನನ್ನೇ ನೋಡುತ್ತ, ಇಂಥದ್ದೊಂದು ಈಜನ್ನು ಹೊಳೆಯಲ್ಲಿ ಕಂಡೇ ಇಲ್ಲವೆಂಬಂತೆ ಒಂದಕ್ಕೊಂದು ಸಿಳ್ಳೆ ಹಾಕಿ ಮಾತಾಡಿಕೊಂಡವು.

"ಅದೇ ಗ್ಯಾಂಗು" ಎಂದರು ನುಜತ್ ಮೇಡಂ, ಪಿಸುದನಿಯಲ್ಲಿ, ಸಂತೋಷದಿಂದ. "ಅಲ್ಲಾಡಬೇಡಿ. ಇಷ್ಟು ಹತ್ತಿರ ಅವು ಯಾರ ಬಳಿಗೂ ಬರಲ್ಲ. ನಿಮ್ಮನ್ನ ನೋಡೋಕೆ ಬಂದಿವೆ."

ಇತ್ತ ಚೌಡೇಶ್ ಬಂಡೆಯ ಮೇಲಿದ್ದ ಒಂದು ಪೊಟ್ಟಣವನ್ನು ವಶಪಡಿಸಿಕೊಂಡು, "ಪೊಲೀಸ್, ಯಾರೂ ಕದಲಂಗಿಲ್ಲ" ಎಂದವನು, ಸಾಕ್ಷ್ಯವನ್ನು ಖಚಿತಪಡಿಸಿಕೊಳ್ಳಲು ಅದನ್ನು ಬಿಚ್ಚಿ, ಮೂಗಿಗೆ ಹಿಡಿದು, ಎದೆ ತುಂಬ ಎಳೆದುಕೊಂಡ. ಕೊಳೆತ ಮೀನಿನ ಜೊತೆ ಹಳೆಯ ಏಡಿಯನ್ನು ಬೇಯಿಸಿ, ಮೂರು ದಿನ ಮುಚ್ಚಿಟ್ಟು ತೆಗೆದಂಥ ವಾಸನೆ. ಅವನು ಬಂಡೆಯ ಅಂಚಿಗೆ ಹೋಗಿ ಬಹಳ ಹೊತ್ತು ಹೊಳೆಗೆ ಮುಖ ಮಾಡಿ ನಿಂತಿದ್ದ.

ಮುಂದಿನದು ಬೇಗ ಬೇಗ ತಿಳಿಯಾಯಿತು. ಯಾವುದು ಗ್ಯಾಂಗು, ಯಾವುದು ಮಾಲು, ಮೂಗು ಯಾಕೆ ಚುರುಕಾಗಿರಬೇಕು ಎಲ್ಲ ಗೊತ್ತಾಯಿತು. ಆದರೆ ದುರುಗಣ್ಣ ಅಂಗಿಯ ಗುಂಡಿ ಬಿಚ್ಚಿ ಫೈಲು ತೆಗೆದಾಗ ಅದರಿಂದ ನೀರು ಧಾರೆಯಾಗಿ ಸುರಿಯಿತು. ಎಸ್ಸೆಸ್ಸೆಲ್ಸಿಯಿಂದ ಎಂ.ಎಸ್ಸಿ. ತನಕದ ಮಗಳ ಎಂಟು ವರ್ಷ ಒಂದೇ ಮುದ್ದೆಯಾಗಿ ಅವನ ಅಂಗೈಯಲ್ಲಿತ್ತು. ರೇವತಿ ಅದನ್ನು ನೋಡಿದಳು. ಅಲ್ಲಿಯ ತನಕ ಗಟ್ಟಿಯಾಗಿದ್ದವಳು ಆಗ ಬಂಡೆಯ ಮೇಲೆ ಕೂತುಬಿಟ್ಟಳು. ದುರುಗಣ್ಣ ಮುದ್ದೆಯ ಒಂದು ಮೂಲೆಯನ್ನು ಉಗುರಿನಿಂದ ಬಿಡಿಸಲು ಹೋದ.

"ಯಾರೂ ಮುಟ್ಟಬೇಡಿ" ಎಂದರು ನುಜತ್ ಮೇಡಂ. "ಇಂಥದ್ದು ನನಗೆ ದಿನಾ ಆಗುತ್ತೆ."

ಅವರು ಮುದ್ದೆಯನ್ನು ಮೊದಲು ತಟ್ಟೆಯ ನೀರಿನಲ್ಲಿ ತೇಲಿಬಿಟ್ಟರು. ಹಾಳೆಗಳು ತಾವಾಗಿ ಸಡಿಲಗೊಂಡಾಗ ಚಿಮಟದಿಂದ ಒಂದೊಂದನ್ನೇ, ಚಿಟ್ಟೆಯ ರೆಕ್ಕೆ ಎತ್ತಿದಂತೆ ಎತ್ತಿ, ಗಿಡ ಒಣಗಿಸಲೆಂದು ಚೀಲದಲ್ಲಿಟ್ಟಿದ್ದ ಹಳೆಯ ಪೇಪರುಗಳ ನಡುವೆ ಒತ್ತಿ, ಬಿಸಿಲು ಬಿದ್ದ ಚಪ್ಪಟೆ ಬಂಡೆಯ ಮೇಲೆ ಹರಡಿದರು. ಮೂಲೆಗೊಂದು ಬೆಣಚುಕಲ್ಲು ಇಟ್ಟರು. ಪಕ್ಕದ ನೆರಳಿನಲ್ಲಿ ನೀರುನಾಯಿಯ ಹಿಕ್ಕೆಯ ಪೊಟ್ಟಣಗಳೂ ಸಾಲಾಗಿದ್ದವು. ಅವಕ್ಕೂ ನಂಬರಿತ್ತು, ಇವಕ್ಕೂ ನಂಬರಿತ್ತು.

ಒಣಗುವ ತನಕ ಮಾಡಲು ಏನೂ ಇರಲಿಲ್ಲ. ದುರುಗಣ್ಣ ಭರಮಣ್ಣನ ಕಂಬಳಿ ಹೊದ್ದು ಕೂತು, ಕೊನೆಗೂ ಕೇಳಿದ. "ಮೇಡಮ್ಮಾರೆ, ತಪ್ಪಾತು. ಆದ್ರೂ ಒಂದು ಕೇಳ್ತೀನಿ. ಓದೋಕೆ ಯಾಕ್ರಿ ಸಂಬಳ ಕೊಡ್ತಾರೆ?"

"ನಿಮ್ಮ ಕೆಲಸ ಏನು?"

"ವಾಲ್ವ್ ಮ್ಯಾನ್ ರೀ. ನೀರು ಬಿಡ್ತೀನಿ."

"ಪೈಪು ನೆಲದೊಳಗಿರುತ್ತೆ. ಎಲ್ಲಿ ಒಡೆದಿದೆ ಅಂತ ಹೇಗೆ ಗೊತ್ತಾಗುತ್ತೆ?"

"ಕೀಲಿ ಆನಿಸಿ ಕಿವಿ ಇಡ್ತೀನಿ. ಸದ್ದಿನಾಗ ಗೊತ್ತಾಕ್ಕತಿ. ಕಲಿಯೋಕೆ ಏಳೆಂಟು ವರ್ಷ ಹಿಡೀತು."

"ಆ ಏಳೆಂಟು ವರ್ಷ ಸಂಬಳ ಕೊಟ್ಟರಲ್ಲ?"

ಮೇಡಂ ರೇವತಿಯ ಕಡೆ ತಿರುಗಿ, "ಅಪ್ಪನಿಗೆ ಒಂದು ಓದಿ ತೋರಿಸು" ಎಂದರು.

ರೇವತಿ ಒಂದು ಹಿಕ್ಕೆಯನ್ನು ಕಡ್ಡಿಯಿಂದ ಬಿಡಿಸಿದಳು. "ಇದು ನೋಡು ಅಪ್ಪಾ, ಮೀನಿನ ಮೈಮೇಲಿನ ಪೊರೆ. ಇದರ ಸುತ್ತು ಎಣಿಸಿದ್ರೆ ಮೀನಿನ ವಯಸ್ಸು ತಿಳೀತೈತೆ. ಇದು ಏಡಿ ಚಿಪ್ಪು. ನಿನ್ನೆ ಸಂಜೆಗೆ ಹಾಕಿದ್ದು. ಸಣ್ಣದೈತೆ, ಪೊರೆ ಜಜ್ಜಿಲ್ಲ. ಹಲ್ಲು ಇನ್ನೂ ಬಲಿತಿಲ್ಲ, ಮರಿ ಇರಬೇಕು. ಮೇಲಿನ ಮಡುವಿನಾಗ ಮೀನು ಕಡಿಮೆ ಆದ್ರೆ ಇದರಾಗ ಏಡಿ ಜಾಸ್ತಿ ಆಕ್ಕತಿ. ನೀರಿನಾಗ ಏನಾರ ಕೆಟ್ಟದ್ದು ಸೇರಿದ್ರೆ ಮೊದಲು ಇವು ಜಾಗ ಬಿಡ್ತಾವೆ. ಮನುಷ್ಯರಿಗೆ ಆಮೇಲೆ ಗೊತ್ತಾಗೋದು."

ದುರುಗಣ್ಣ ಹೊಳೆಯನ್ನು ನೋಡಿದ. ಈ ನೀರೇ ಇಳಿದು ಹರಿಹರ ಮುಟ್ಟಿ, ಪಂಪಾಗಿ, ಅವನ ವಾಲ್ವಿಗೆ ಬರುವುದು. ಪೈಪಿನ ಈ ತುದಿಯನ್ನು ಅವನು ಇಷ್ಟು ವರ್ಷದಲ್ಲಿ ಒಂದು ಸಲವೂ ಕಣ್ಣಾರೆ ನೋಡಿರಲಿಲ್ಲ. ಮಗಳು ಒಂದು ವರ್ಷದಿಂದ ಇಲ್ಲಿ ಕಾವಲು ಕೂತಿದ್ದಳು, ಅದೂ ಭಾನುವಾರ, ಅದೂ ಬಿಟ್ಟಿ.

"ಇನ್ನೊಂದು ಓದು" ಎಂದ.

ಅವಳು ಓದಿದಳು. ಹನ್ನೊಂದು ಗಂಟೆಯ ಹೊತ್ತಿಗೆ ದುರುಗಣ್ಣ ತಾನೇ ಕಡ್ಡಿ ಹಿಡಿದಿದ್ದ. ವಾಸನೆಯಿಂದ ಹೊಸದು ಹಳೆಯದು ಹೇಳುವುದರಲ್ಲಿ ಮೂರಕ್ಕೆ ಎರಡು ಸರಿ ಬಂದವು. "ಮೂಗು ಮನೆತನದ್ದೇ" ಎಂದರು ಮೇಡಂ.

ಅಂಕಪಟ್ಟಿಗಳೂ ಒಣಗಿದವು. ಅಂಚು ಹಪ್ಪಳದಂತೆ ಸೊಟ್ಟಗಾಗಿತ್ತು, ಒಂದೆರಡು ಸಹಿ ಹರಡಿತ್ತು, ಬಿ.ಎಸ್ಸಿ. ಎರಡನೆಯ ವರ್ಷದ್ದಕ್ಕೆ ತುಸು ಮೀನಿನ ವಾಸನೆ ಹತ್ತಿತ್ತು. ಆದರೆ ಅಂಕಗಳು ಒಂದೂ ಅಳಿಸಿರಲಿಲ್ಲ. ಶುಕ್ರವಾರ ಬೆಳಗ್ಗೆ ಹತ್ತಕ್ಕೆ ಮುನಾಫ್ ಅವನ್ನು ಒಂದೊಂದಾಗಿ ಸ್ಕ್ಯಾನ್ ಮಾಡಿ ಕಳಿಸಿದ. "ಸೈಟು ಖರೆ ಅಂತ ನಾನು ಮೊದಲೇ ಹೇಳಿದ್ನಲ್ಲ ಅಣ್ಣಾ" ಎಂದೂ ಹೇಳಿದ. ಹತ್ತೂ ಇಪ್ಪತ್ತಕ್ಕೆ ಸಂಸ್ಥೆಯಿಂದ ಮರುಪತ್ರ ಬಂತು. ಆರರಲ್ಲಿ ರೇವತಿ ಒಬ್ಬಳು.

ಬಿ ಬ್ಲಾಕಿಗೆ ನಿರಾಸೆಯಾಯಿತೆಂದೇ ಹೇಳಬೇಕು. ಅದೇ ನಿವೃತ್ತ ಮ್ಯಾನೇಜರರು ಗೇಟಿನ ಬಳಿ ದುರುಗಣ್ಣನನ್ನು ಪಕ್ಕಕ್ಕೆ ಕರೆದು, ದನಿ ತಗ್ಗಿಸಿ ಕೇಳಿದರು. "ನಮ್ಮ ಮೊಮ್ಮಗನೂ ಸೈನ್ಸೇ. ಆ ಸೀಟಿಗೆ ಎಷ್ಟು ಕೊಟ್ಟೆ, ಖರೆ ಹೇಳು."

"ಏನೂ ಕೊಟ್ಟಿಲ್ಲ ಸಾರ್. ಹುಡುಗಿ ಮೂಸಿ ಮೂಸಿ ತಗೊಂಡಾಳೆ."

ಒಂದು ಕೆಲಸ ಮಾತ್ರ ಉಳಿಯಿತು. ಚೌಡೇಶ್ ಅವಸರದಲ್ಲಿ ಕಳಿಸಿದ ಸಂದೇಶದಿಂದಾಗಿ ಠಾಣೆಯ ದಾಖಲೆಯಲ್ಲಿ "ವಶಪಡಿಸಿಕೊಂಡ ವಸ್ತು, ಒಂದು" ಎಂದು ಬರೆದಾಗಿತ್ತು. ವಸ್ತುವಿಲ್ಲದೆ ದಾಖಲೆ ಮುಚ್ಚುವಂತಿರಲಿಲ್ಲ. ಅವನು ಠಾಣೆಗೆ ಒಯ್ದಿದ್ದ ಹದಿನಾಲ್ಕನೆಯ ಪೊಟ್ಟಣವಿಲ್ಲದೆ ನುಜತ್ ಮೇಡಮ್ಮನವರ ಲೆಕ್ಕ ಮುಗಿಯುವಂತಿರಲಿಲ್ಲ. ಶುಕ್ರವಾರ ಮಧ್ಯಾಹ್ನ ದುರುಗಣ್ಣ ಅದನ್ನು ಬಿಡಿಸಿಕೊಂಡು ಬರಲು ಹೋದ. ಇನ್ಸ್‌ಪೆಕ್ಟರರು ಮೂಗಿಗೆ ಕರವಸ್ತ್ರ ಹಿಡಿದು ಕೂತಿದ್ದರು. ಚೌಡೇಶ್ ಪೆನ್ನು ಹಿಡಿದು ತಲೆ ಬಗ್ಗಿಸಿ ಕೂತಿದ್ದ.

"ವಸ್ತುವಿನ ವಿವರ ಏನಂತ ಬರೀಲಿ ಸಾರ್?"

"ಗಲೀಜು ಅಂತ ಬರಿ" ಎಂದರು ಇನ್ಸ್‌ಪೆಕ್ಟರರು.

ದುರುಗಣ್ಣ ಮೇಜಿನ ಹತ್ತಿರ ಬಂದು, ಪೊಟ್ಟಣವನ್ನು ಬೆಳಕಿಗೆ ಹಿಡಿದು ನೋಡಿ, ತುಸು ಬಿಚ್ಚಿ ಮೂಸಿ, ಮತ್ತೆ ಭದ್ರ ಮಾಡಿದ.

"ಹಂಗೆ ಬರೀಬ್ಯಾಡ್ರಿ ಸಾರ್, ದಾಖಲೆ ತಪ್ಪಾಕ್ಕತಿ. ನೀರುನಾಯಿ ಹಿಕ್ಕೆ, ಒಂದು. ಮೊನ್ನೆ ರಾತ್ರೀದು. ಏಡಿ ಮುಕ್ಕಾಲು, ಮೀನು ಕಾಲು. ಪೊರೆ ನುಣ್ಣಗೆ ಜಜ್ಜೈತೆ, ದೊಡ್ಡ ಪ್ರಾಣೀದು." ಸ್ವಲ್ಪ ಯೋಚಿಸಿ, "ಗಂಡೋ ಹೆಣ್ಣೋ ನಂಗೆ ಇನ್ನೂ ಬರಂಗಿಲ್ಲ. ಅದನ್ನ ರೇವತಿ ಹೇಳ್ಬೇಕು" ಎಂದ.

ಚೌಡೇಶ್ ಅಷ್ಟನ್ನೂ ಬರೆದುಕೊಂಡ. ವಾರಸುದಾರರು ಎಂಬಲ್ಲಿ ದುರುಗಣ್ಣ ದೊಡ್ಡದಾಗಿ ಸಹಿ ಹಾಕಿದ.

ಮನೆಗೆ ಬಂದವನು ಪೊಟ್ಟಣವನ್ನು ಎರಡೂ ಕೈಯಲ್ಲಿ ಹಿಡಿದು ನೇರ ಫ್ರಿಜ್ಜಿನ ಮುಂದೆ ನಿಂತ. ಸೋಮವಾರ ರೇವತಿ ಬೆಂಗಳೂರಿನ ಬಸ್ಸು ಹತ್ತುವ ತನಕ ತಂಪಿನಲ್ಲಿಡಬೇಕೆಂದು ಮೇಡಂ ಹೇಳಿದ್ದರು. ಉಡಚಮ್ಮ ಅಡುಗೆಮನೆಯಿಂದ ಬಂದು ನೋಡಿದಳು.

"ಏನ್ರಿ ಅದು?"

ದುರುಗಣ್ಣ ಹೇಳಿದ. ಏನೆಂದು, ಯಾವಾಗಿನದೆಂದು, ಏನು ತಿಂದದ್ದೆಂದು, ಅದರಿಂದ ಏನು ತಿಳಿಯುತ್ತದೆಂದು ಎಲ್ಲವನ್ನೂ ಬಿಡಿಸಿ ಬಿಡಿಸಿ ಹೇಳಿದ. ಉಡಚಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡೇ ಪೂರ್ತಿ ಕೇಳಿದಳು. ಆಮೇಲೆ ಫ್ರಿಜ್ಜಿನ ಬಾಗಿಲು ತೆಗೆದು, ಮೊಸರಿನ ಪಾತ್ರೆಯನ್ನು ಎತ್ತಿ ಕೆಳಗಿನ ಹಂತಕ್ಕೆ ಇಳಿಸಿದಳು.

"ಮೇಲೆ ಇಡ್ರಿ" ಎಂದಳು. "ಹುಷಾರು, ನಂಬರು ಅಳಿಸೀತು."